ಘಟ್ಟ ಇಳಿದವರಿಗೆ ಊಟ ಎಲ್ಲಿ?

ನಮ್ಮ ಸದಸ್ಯ ಬಂಧುಗಳಲ್ಲಿ ಘಟ್ಟದ ಮೇಲಿನ ಕಾಫಿ ಬೆಳೆಗಾರರಿದ್ದಾರೆ, ಘಟ್ಟದ ಕೆಳಗಿನ ಅಡಿಕೆ ಬೆಳೆಗಾರರೂ ಇದ್ದಾರೆ. ಕಾಫಿ ಕೊಯ್ಲು ಮುಗಿದು ಕೈಗೆ ತುಸು ಬಿಡುವು ಸಿಕ್ಕಿತೆಂದರೆ ಮೇಲಿನವರು ಸಂಸಾರ ಸಮೇತ ಕೆಳಗೆ ಬರುತ್ತಾರೆ. ಕೊಲ್ಲೂರಿಗೆ ಹರಕೆ, ಆನೆಗುಡ್ಡೆಗೆ ಪೂಜೆ, ಮಕ್ಕಳಿಗೆ ಮರವಂತೆಯ ಸಮುದ್ರ, ತಮಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ. ಹೊರಡುವ ಹಿಂದಿನ ರಾತ್ರಿ ನಮ್ಮಂಥ ಕೆಳಗಿನ ನೆಂಟರಿಗೆ ಫೋನು ಬರುತ್ತದೆ, ಪ್ರಶ್ನೆ ಒಂದೇ: “ಭಾವ, ಊಟಕ್ಕೆ ಎಲ್ಲಿ ಒಳ್ಳೆಯದು?”

ಈ ಪ್ರಶ್ನೆಗೆ ನಾವು ಕೊಡುವ ಉತ್ತರವೂ, ಅವರು ಕೊನೆಗೆ ಮಾಡುವ ಕೆಲಸವೂ ಎರಡೂ ಸರಿಯಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಪತ್ರಿಕೆಯ ಒಂದೆರಡು ಅಂಕಣ ಬೇಡಿ ಬರೆಯುತ್ತಿದ್ದೇನೆ. ಕೊಳೆರೋಗದ ಔಷಧಿ, ಪೇಟೆಧಾರಣೆ ಬಿಟ್ಟು ಇದೇನು ಹೊಟ್ಟೆಯ ಪುರಾಣ ಎಂದು ಯಾರೂ ಬೇಸರಿಸಬಾರದು. ಧಾರಣೆಯ ವಿಚಾರವೂ ಮುಂದೆ ಬರುತ್ತದೆ.

ಕೊಪ್ಪ ಕಡೆಯ ನನ್ನ ಭಾವನವರು ಒಮ್ಮೆ ಹೀಗೆಯೇ ಆಗುಂಬೆ ಇಳಿದು, ಹೆಬ್ರಿ, ಬಾರ್ಕೂರು ಹಾದಿಯಾಗಿ ಬ್ರಹ್ಮಾವರಕ್ಕೆ ಬಂದು, ಅಲ್ಲಿಂದ ಹೆದ್ದಾರಿ ಹಿಡಿದು ಕುಂದಾಪುರದತ್ತ ಹೊರಟರು. ಹಸಿವಾಗಿತ್ತು. ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ ಎಲ್ಲವನ್ನೂ ಹಿಂದೆ ಹಾಕಿ, ಕಾರು ನಿಲ್ಲಿಸಲು ವಿಶಾಲ ಜಾಗವಿದ್ದ ಒಂದು ದೊಡ್ಡ ಹೋಟೆಲಿನ ಮುಂದೆ ನಿಂತರು. ಹೆಸರು ಬೇಡ. ನಾಲ್ಕು ಹಾಳೆಯ ಪಟ್ಟಿ ಕೈಗೆ ಬಂತು. ಮಕ್ಕಳು ಗೋಬಿ ಮಂಚೂರಿ ಎಂದವು, ಅಕ್ಕ ಪನೀರು ಎಂದಳು, ಭಾವನವರು ಮೈದಾ ರೊಟ್ಟಿ ಎಳೆದೆಳೆದು ತಿಂದರು. ಕೊನೆಗೆ ಬಂದ ಕಾಫಿಯನ್ನು, ಮೂವತ್ತು ವರ್ಷದಿಂದ ಕಾಫಿ ಬೆಳೆದ ಮನುಷ್ಯ, ಅರ್ಧ ಲೋಟ ಬಿಟ್ಟು ಎದ್ದರು. ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು, “ನಿಮ್ಮ ಕುಂದಾಪುರದ ಊಟ ಅಷ್ಟೇನೂ ಇಲ್ಲ ಮಾರಾಯ್ರೆ” ಎಂದು ತೀರ್ಪು ಕೊಟ್ಟರು!

ಕುಂದಾಪುರದ ಊಟವನ್ನು ಅವರು ಮುಟ್ಟಿಯೇ ಇರಲಿಲ್ಲ. ಅದನ್ನು ಹೇಳಿದರೆ, “ಎಲ್ಲಿದೆ ಅದು? ಒಂದು ಬೋರ್ಡಾದರೂ ಕಾಣಬೇಡವೇ?” ಎಂದರು. ಆ ಮಾತಿನಲ್ಲಿ ನ್ಯಾಯವಿದೆ. ಹೆದ್ದಾರಿ ನಾಲ್ಕು ಪಥವಾಗುವಾಗ ರಸ್ತೆ ಬದಿಯ ಎಷ್ಟೋ ಹಳೆಯ ಹೆಂಚಿನ ಕಟ್ಟಡಗಳು ಹೋದವು. ಕುಂದಾಪುರದ ಶಾಸ್ತ್ರಿ ವೃತ್ತದ ಬಳಿ ಮೇಲ್ಸೇತುವೆ ಆದಮೇಲೆ ಪೇಟೆಯ ಮುಖ ನೋಡದೆಯೇ ಭಟ್ಕಳ ಮುಟ್ಟಬಹುದು. 2020ರ ಲಾಕ್‌ಡೌನಿನಲ್ಲಿ ಹಾಕಿದ ಬಾಗಿಲನ್ನು ಕೆಲವು ಸಣ್ಣ ಹೋಟೆಲಿನವರು ಮತ್ತೆ ತೆಗೆಯಲಿಲ್ಲ. ಉಳಿದವು ಒಳಪೇಟೆಯ ಓಣಿಯಲ್ಲಿವೆ. ಹುಡುಕಿದವರಿಗೆ ಮಾತ್ರ ಸಿಗುತ್ತವೆ.

ಹುಡುಕುವುದು ಹೇಗೆ? ಲಾರಿ ನಿಂತಲ್ಲಿ ಊಟ ಚೆನ್ನ ಎಂಬ ಹಳೆಯ ಮಾತನ್ನು ನಾನು ನಂಬುವುದಿಲ್ಲ. ಲಾರಿ ನಿಲ್ಲುವುದು ಜಾಗ ಇದ್ದಲ್ಲಿ. ವಸತಿಗೃಹದ ಗುಮಾಸ್ತನನ್ನು ಕೇಳಿದರೆ ಅವನು ತನ್ನ ಕೆಳಗಿನ ಮಹಡಿಯನ್ನೇ ತೋರಿಸುತ್ತಾನೆ. ನಾನು ಕೇಳುವುದು ಆ ಊರಿನಲ್ಲಿ ದಿನಾ ದುಡ್ಡು ಕೊಟ್ಟು ಉಣ್ಣುವವರನ್ನು: ಬಸ್ಸಿನ ಕಂಡಕ್ಟರು, ಕೋರ್ಟಿನ ಗುಮಾಸ್ತೆ, ಅಡಿಕೆ ಮಂಡಿಯ ತೂಕದವನು. ಕೇಳುವ ಬಗೆಯೂ ಮುಖ್ಯ. “ಒಳ್ಳೆಯ ಹೋಟೆಲ್ ಎಲ್ಲಿದೆ?” ಎಂದರೆ ನಮ್ಮ ಅಂಗಿ ನೋಡಿ ಫ್ಯಾಮಿಲಿ ರೂಮು ಇರುವಲ್ಲಿಗೆ ಕಳುಹಿಸುತ್ತಾರೆ. “ನೀವು ಇವತ್ತು ಎಲ್ಲಿ ಉಣ್ಣುತ್ತೀರಿ?” ಎಂದೇ ಕೇಳಬೇಕು. ಹೊತ್ತೂ ಸರಿಯಿರಬೇಕು. ಹನ್ನೆರಡೂವರೆಗೆ ಹೋದರೆ ಬಿಸಿ ಕುಚ್ಚಲಕ್ಕಿ ಅನ್ನ. ಎರಡೂವರೆಗೆ ಹೋದರೆ ತಳದ ಸಾರು, ಕೆಲವು ಕಡೆ ತೊಳೆದಿಟ್ಟ ಪಾತ್ರೆ.

ಪಟ್ಟಿ ಚಿಕ್ಕದಿದ್ದಷ್ಟೂ ನನಗೆ ಧೈರ್ಯ. ಮೀನೂಟದ ಹೋಟೆಲಿನಲ್ಲಂತೂ ‘ಇಲ್ಲ’ ಎಂಬ ಮಾತೇ ಒಳ್ಳೆಯ ಗುರುತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಲ್ಲಿ ಸಿಗುವುದು ನಾಡದೋಣಿಯವರು ತಂದದ್ದು, ಹೊಳೆಯದ್ದು, ಇಲ್ಲವೇ ಮಂಜುಗಡ್ಡೆಯಲ್ಲಿ ದೂರದಿಂದ ಬಂದದ್ದು. ಜುಲೈ ತಿಂಗಳ ಜಡಿಮಳೆಯಲ್ಲಿ ಹತ್ತು ಬಗೆಯ ಸಮುದ್ರ ಮೀನು ಇದೆ ಎನ್ನುವ ಹೋಟೆಲಿನಿಂದ ನಾನು ಎದ್ದು ಬರುತ್ತೇನೆ. “ಬನಿ, ಕೂಕಣಿ. ಮೀನ್ ಇಲ್ಲೆ, ಮೊಟ್ಟಿ ಅಡ್ಡಿಲ್ಯಾ?” ಎನ್ನುವವರ ಎದುರು ಕುಳಿತುಕೊಳ್ಳುತ್ತೇನೆ. ನಿಷೇಧ ಮುಗಿದು, ಗಂಗೊಳ್ಳಿಯ ಬಂದರಿನಲ್ಲಿ ದೋಣಿ ಖಾಲಿಯಾಗುವ ಕಾಲಕ್ಕೆ ಬಂದರೆ ಬಂಗುಡೆಯ ಸಾರಿಗೂ ಹುರಿದ ಕಾಣೆಗೂ ಬೇರೆ ಶಿಫಾರಸು ಬೇಡ.

ಊರಿನ ಹೆಸರು ಹೊತ್ತ ಕೋಳಿಸಾರನ್ನು ನೀರುದೋಸೆಯ ಜೊತೆಗೋ ಒಣ ರೊಟ್ಟಿಯ ಜೊತೆಗೋ ಕೇಳಿ. ತುಪ್ಪದಲ್ಲಿ ಹುರಿದ ಕೋಳಿ, ಈಗ ದೇಶವೆಲ್ಲ ಘೀ ರೋಸ್ಟ್ ಎನ್ನುವುದು, ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಹುಟ್ಟಿದ್ದೆಂದು ಜನ ಹೇಳುತ್ತಾರೆ. ಬೆಂಗಳೂರು, ಮುಂಬಯಿಗಳಲ್ಲಿ ಹಣ ಕೊಟ್ಟು ಅದರ ನಕಲು ತಿನ್ನುವವರು ಇಲ್ಲಿಗೆ ಬಂದಾಗ ಗೋಬಿ ತಿನ್ನುವುದು ನನಗೆ ಅರ್ಥವಾಗದ ಸಂಗತಿ. ಸಸ್ಯಾಹಾರಿಗಳಿಗೇನು ಎಂದು ಕೇಳುವವರಿಗೆ: ಬೆಳಗ್ಗೆ ಬನ್ಸು, ಸಂಜೆ ಗೋಳಿಬಜೆ, ಮಧ್ಯಾಹ್ನ ಬಸಳೆಯ ಹುಳಿ ಇದ್ದ ದಿನ ಬೇರೇನೂ ಬೇಡ. ಮಳೆಗಾಲವಾದರೆ ಪತ್ರೊಡೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಪಟ್ಟಿಯಲ್ಲಿ ಇರುವುದಿಲ್ಲ, ಒಳಗೆ ಇರುತ್ತದೆ. ಬೈಂದೂರು ಕಡೆ ಬರುವವರು, ನಾಗೋಡಿ ಘಾಟಿ ಇಳಿದು ಕೊಲ್ಲೂರು ಮುಟ್ಟುವವರು, ಬೇರೆಯೇ ಲೋಕ ಕಾಣುತ್ತಾರೆ. ಕೇರಳದ ಭಕ್ತರು ಹೆಚ್ಚಾದ್ದರಿಂದ ಅಲ್ಲಿ ಬೋರ್ಡುಗಳೂ ಮಲಯಾಳದಲ್ಲಿವೆ. ಪುಟ್ಟು ಕಡಲೆ ಚೆನ್ನಾಗಿಯೇ ಸಿಗುತ್ತದೆ. ಬಂದವರ ರುಚಿಗೆ ಅಡಿಗೆ ಮಾಡುವುದು ತಪ್ಪಲ್ಲ. ಆದರೆ ಕೇರಳದವರು ಪರವೂರಲ್ಲೂ ತಮ್ಮ ಊಟ ಕೇಳಿ ಪಡೆದರು. ನಾವು ನಮ್ಮ ಊರಲ್ಲೇ ನಮ್ಮದನ್ನು ಕೇಳಲಿಲ್ಲ.

ದೇವಸ್ಥಾನದ ಅನ್ನಸಂತರ್ಪಣೆಯನ್ನು ಹೋಟೆಲಿನ ಲೆಕ್ಕಕ್ಕೆ ಸೇರಿಸಿ “ಪುಕ್ಕಟೆ ಊಟ, ಚೆನ್ನಾಗಿತ್ತು” ಎನ್ನುವವರೂ ಇದ್ದಾರೆ. ಅದು ಪ್ರಸಾದ. ಅದಕ್ಕೆ ಅಂಕ ಕೊಡುವುದು ಬೇಡ.

ಹೋಟೆಲ್ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾದ ಊರು ನಮ್ಮದಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಳಿ ಎಂ.ಟಿ.ಆರ್. ಕಟ್ಟಿದ ಮಯ್ಯ ಸಹೋದರರು ಇದೇ ಬ್ರಹ್ಮಾವರ ಸೀಮೆಯ ಪಾರಂಪಳ್ಳಿಯವರು. 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂದು ಆರಂಭವಾದದ್ದು 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ ಎನಿಸಿತು. ಆ ಮನೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳು ಹೇಗೆ ನಡೆಯುತ್ತವೆಂದು ಕಂಡುಬಂದರು. ತಂದದ್ದು ಶುಚಿತ್ವದ ಶಿಸ್ತನ್ನು. ತಿಂಡಿ ಮಾತ್ರ ಇಡ್ಲಿ ದೋಸೆಯೇ ಉಳಿಯಿತು. ಪರದೇಶ ನೋಡಿದವನು ಏನು ತರಬೇಕು, ಏನು ಬಿಡಬೇಕು ಎಂಬುದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ ಇದು.

ಹಳೆಯದೆಲ್ಲ ಚಿನ್ನವೆಂದು ಹೇಳಲಾರೆ. ಹಿಂದಿನ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿ ಇತ್ತು; ತೋಟದ ಆಳು ಹೊರಗೆ ನಿಂತು ಚಾ ಕುಡಿಯಬೇಕಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಮೇಲೂ ಅದು ಒಂದೇ ದಿನಕ್ಕೆ ಹೋಗಲಿಲ್ಲ. ಇಂದು ನಾನು ಒಂದು ಹೋಟೆಲನ್ನು ಒಳ್ಳೆಯದೆನ್ನಬೇಕಾದರೆ, ನನ್ನ ತೋಟದ ಮದ್ದು ಹೊಡೆಯುವವನೂ ನಾನೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವಂತಿರಬೇಕು. ಸಣ್ಣ ಮೀನೂಟದ ಹೋಟೆಲುಗಳಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಶುಚಿತ್ವದ ದೂರು ಕೆಲವು ಕಡೆ ನಿಜ. ಕೈ ತೊಳೆಯುವ ಜಾಗ ನೋಡಿ, ಸರಿಯಿಲ್ಲದಿದ್ದರೆ ಯಜಮಾನನಿಗೆ ಎದುರಿಗೇ ಹೇಳಬೇಕು. ಹೇಳಿದವರಿಗಾಗಿ ತೊಳೆದದ್ದನ್ನು ನಾನು ಕಂಡಿದ್ದೇನೆ.

ಈಗ ಧಾರಣೆಯ ವಿಚಾರ. ಭೂಮಿಯ ಆ ಕಡೆ ಕೆರಿಬಿಯನ್ ಸಮುದ್ರದ ದ್ವೀಪಗಳಿವೆ. ರಜೆ ಕಳೆಯಲು ಹೊರದೇಶದವರು ಹೋಗುವ ಜಾಗ. ಅಲ್ಲಿಯೂ ತೆಂಗು, ಮೀನು, ಮಳೆ. ನಮ್ಮ ಜೀಗುಜ್ಜೆ ಕೂಡ ಅಲ್ಲಿದೆ: 1793ರಲ್ಲಿ ಬ್ಲೈ ಎಂಬ ಕಪ್ತಾನ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಹಡಗಿನಲ್ಲಿ ಗಿಡ ತಂದ, ಈಗ ಅದನ್ನು ಕೆಂಡದಲ್ಲಿ ಸುಟ್ಟು ಮೀನಿನೊಂದಿಗೆ ಉಣ್ಣುವುದು ಅಲ್ಲಿಯವರ ಹೆಮ್ಮೆ. ಆದರೆ ಬರುವ ಪ್ರವಾಸಿಗಳಲ್ಲಿ ಅನೇಕರು ವಾಸ, ಊಟ, ಪಾನ ಎಲ್ಲಕ್ಕೂ ಮುಂಗಡ ಹಣ ಕಟ್ಟಿ, ಸಮುದ್ರ ಬದಿಯ ದೊಡ್ಡ ಹೋಟೆಲಿನ ಗೇಟು ದಾಟದೆ ವಾರ ಕಳೆದು ಹೋಗುತ್ತಾರೆ. ಅಲ್ಲಿ ಬಡಿಸುವುದರಲ್ಲಿ ಬಹಳಷ್ಟು ಹಡಗಿನಲ್ಲಿ ಹೊರಗಿನಿಂದ ಬಂದದ್ದು. ಗೇಟಿನಾಚೆಯ ರೈತನ ಗೆಣಸು ಅಲ್ಲೇ ಕೊಳೆಯಬಹುದು. ಜಮೈಕಾದ ಬ್ಲೂ ಮೌಂಟನ್ ಕಾಫಿ ಲೋಕಪ್ರಸಿದ್ಧ. ಅದರ ಬಹುಪಾಲು ಜಪಾನಿಗೆ ಹೋಗುತ್ತಿದ್ದುದೂ ಅಷ್ಟೇ ಪ್ರಸಿದ್ಧ.

ಮಲ್ಪೆಯಿಂದ ಮರವಂತೆಯವರೆಗೆ ಕಡಲ ಬದಿಯಲ್ಲಿ ರೆಸಾರ್ಟುಗಳು ಏಳುತ್ತಿರುವಾಗ ನನಗೆ ಈ ಯೋಚನೆ ಬರುತ್ತದೆ. ಪ್ರವಾಸಿಗಳು ಬರಲಿ. ಆದರೆ ಅವರ ತಟ್ಟೆಯಲ್ಲಿ ಏನಿರುತ್ತದೆ? ಗೋಬಿಯೂ ಪನೀರೂ ಮೈದಾವೂ ನಮ್ಮ ತೋಟದಲ್ಲಿ ಬೆಳೆಯುವುದಿಲ್ಲ. ಕೋಳಿಸಾರಿಗೆ ತೆಂಗು ಬೇಕು, ಕಾಳುಮೆಣಸು ಬೇಕು, ತೆಂಗಿನೆಣ್ಣೆ ಬೇಕು. ಅನ್ನಕ್ಕೆ ಗದ್ದೆಯ ಭತ್ತ ಬೇಕು. ಒಂದು ಸಣ್ಣ ಹೋಟೆಲು ದಿನಕ್ಕೆ 20 ಕಾಯಿ ಒಡೆಯುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ 7 ಸಾವಿರ ಕಾಯಿ ದಾಟಿತು. ಕಮಿಷನ್ ಇಲ್ಲದ, ಲಾರಿ ಬಾಡಿಗೆಯಿಲ್ಲದ ಗಿರಾಕಿ. ಅಂಥ ಹತ್ತು ಹೋಟೆಲು ಮುಚ್ಚಿದರೆ ನಮಗೆ ಸುದ್ದಿಯೂ ತಿಳಿಯುವುದಿಲ್ಲ. ಕಾಯಿಯ ಧಾರಣೆ ಯಾಕೆ ಏಳಲಿಲ್ಲವೆಂದು ಸಭೆಯಲ್ಲಿ ಜಗಳವಾಡುತ್ತೇವೆ.

ಕಾಫಿಯದ್ದಂತೂ ನಾಚಿಕೆಯ ಕಥೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದೆಂದು ಕಾನೂನಿದೆ. ಎಂದರೆ ಉಳಿದ 49 ಚಿಕೋರಿ ಇರಬಹುದು, ಅದು ಕಾನೂನುಬದ್ಧ. ಹೋಟೆಲಿನವರು ಕಾಫಿ ಬೆಲೆ ಏರಿದಾಗೆಲ್ಲ ಆ ಪುಡಿಗೇ ಇಳಿಯುತ್ತಾರೆ. ಅವರನ್ನು ಬೈದು ಫಲವಿಲ್ಲ, ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಓದುವ ಗಿರಾಕಿಯೇ ಇಲ್ಲ. ಬೆಳೆಗಾರರಾದ ನಾವಾದರೂ ಕೇಳುತ್ತೇವೆಯೇ? ಭಾವನವರು ಅರ್ಧ ಲೋಟ ಬಿಟ್ಟು ಎದ್ದರು, ಯಾಕೆಂದು ಮಾತ್ರ ಹೇಳಲಿಲ್ಲ.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟು. ಮೇಲಿನ ಸದಸ್ಯರ ಕಾಫಿಯನ್ನು ಚಿಕೋರಿ ಬೆರೆಸದೆ ಹುರಿದು ಪುಡಿಮಾಡಿಸಿ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಆರೇಳು ಸಣ್ಣ ಹೋಟೆಲುಗಳಿಗೆ ಮೂರು ತಿಂಗಳು ಸಂಘದ ದರದಲ್ಲಿ ಕೊಟ್ಟು ನೋಡೋಣ. ಆ ಹೋಟೆಲುಗಳ ಹೆಸರು, ಓಣಿ, ಊಟದ ಹೊತ್ತು, ಇಷ್ಟನ್ನು ಇದೇ ಪತ್ರಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕೋಣ. ಜಾಹೀರಾತಿನ ಹಣ ಬೇಡ, ಸದಸ್ಯರು ಉಂಡು ಒಪ್ಪಿದ್ದು ಮಾತ್ರ ಇರಲಿ. ನಷ್ಟದ ಪ್ರಶ್ನೆ ಎತ್ತುವವರು ಎತ್ತಲಿ, ಮಹಾಸಭೆಯಲ್ಲಿ ಉತ್ತರಿಸಲು ನಾನು ಸಿದ್ಧ.

ಶಿವರಾತ್ರಿಗೆ ಭಾವನವರು ಮತ್ತೆ ಬರುತ್ತಾರೆ. ಈ ಸಲ ಹನ್ನೆರಡೂವರೆಗೆ ಸರಿಯಾಗಿ ಕುಂದಾಪುರದ ಹಳೆ ಪೇಟೆಯಲ್ಲಿ ಕಾರು ನಿಲ್ಲಿಸಿ ನನಗೆ ಕಾಯಬೇಕೆಂದೂ, ಮನೆಯಲ್ಲಿ ಹುರಿದ ಪುಡಿ ಅರ್ಧ ಕಿಲೋ ತರಬೇಕೆಂದೂ ಹೇಳಿದ್ದೇನೆ. ಅಲ್ಲಿಯ ಹೋಟೆಲಿನ ಯಜಮಾನರ ಹತ್ತಿರ ಮಾತಾಡಿಯಾಗಿದೆ. “ಪುಡಿ ತನಿ, ಮಾಡಿ ಕಾಂಬ” ಎಂದಿದ್ದಾರೆ.