ಎಳೆಯೋದಲ್ಲ ಸ್ವಾಮಿ, ಹೊರೋದು!

ಅಮೆರಿಕಾದ ಟಿವಿಯಲ್ಲಿ ಪಿಕಪ್ ಟ್ರಕ್ ಜಾಹೀರಾತು ನೋಡಿದವರಿಗೆ ಇದು ಗೊತ್ತೇ ಇರುತ್ತೆ. ಬೆಟ್ಟ, ಧೂಳು, ಗಡ್ಡ ಬಿಟ್ಟ ಗಂಡಸು, ಹಿಂದೆ ಮನೆಯಷ್ಟು ದೊಡ್ಡ ಟ್ರೇಲರ್, ಮೇಲೆ ಗುಡುಗಿನಂಥ ಧ್ವನಿ. ಕೊನೆಗೆ ಇಷ್ಟು ಸಾವಿರ ಪೌಂಡ್ ಎಳೆಯುತ್ತೆ ಅಂತ ಒಂದು ದಪ್ಪ ಅಂಕಿ. 2024ರ ಫೋರ್ಡ್ ಎಫ್-150ಗೆ ಕಂಪನಿ ಕೊಟ್ಟ ಗರಿಷ್ಠ ಅಂಕಿ 13,500 ಪೌಂಡ್. ಸರಿಯಾದ ಇಂಜಿನ್, ಸರಿಯಾದ ಪ್ಯಾಕೇಜ್ ಇದ್ದರೆ ಮಾತ್ರ ಅನ್ನೋದು ಇರುವೆ ಗಾತ್ರದ ಅಕ್ಷರದಲ್ಲಿರುತ್ತೆ, ಅದನ್ನ ಯಾರು ಓದ್ತಾರೆ ಬಿಡಿ.

2020ರಲ್ಲಿ ಕೋವಿಡ್ ಬಂದು ವಿಮಾನ, ಹೋಟೆಲ್ ಎಲ್ಲ ನಿಂತಾಗ ಇಲ್ಲಿ ಟ್ರಾವೆಲ್ ಟ್ರೇಲರ್ ಹುಚ್ಚು ಜೋರಾಯ್ತು. ನಮ್ಮ ಕನ್ನಡದ ಹುಡುಗರಿಗೂ ಅಂಟಿತು. ತಪ್ಪೇನಿಲ್ಲ, ಯೆಲ್ಲೊಸ್ಟೋನ್‌ನಲ್ಲಿ ಕೂತು ಬಿಸಿಬೇಳೆಬಾತ್ ತಿನ್ನೋ ಸುಖ ಯಾರಿಗೆ ಬೇಡ? ಆದರೆ ಟ್ರಕ್ ಆರಿಸುವಾಗ ಇವರು ಹಾಕೋ ಲೆಕ್ಕ ಕೇಳಿದ್ರೆ ನನಗೆ ಮೈ ಉರಿಯುತ್ತೆ. "ಟ್ರೇಲರ್ 7,000 ಪೌಂಡ್, ಟ್ರಕ್ ಎಳೆಯೋದು 11,000. ಇನ್ನೂ 4,000 ಮಾರ್ಜಿನ್ ಇದೆ ಮಗಾ!" ಇಷ್ಟೇ. ಇಂಜಿನಿಯರಿಂಗ್ ಓದಿ, ಫ್ರೀ ಬಾಡಿ ಡಯಾಗ್ರಾಮ್ ಬರೆದು ಪಾಸಾದವರ ಲೆಕ್ಕ ಇದು!

ನಮ್ಮೂರಲ್ಲಿ ಎತ್ತಿನ ಗಾಡಿಗೆ ಹೊರೆ ಹೇರೋದನ್ನ ನೋಡಿದ್ದೀರಾ? ಶಾಲೆಗೆ ಹೋಗದ ರೈತನೂ ಮೊದಲು ನೋಡೋದು ಮುಂಭಾರ ಎಷ್ಟು, ಹಿಂಭಾರ ಎಷ್ಟು ಅಂತ. ಮುಂಭಾರ ಜಾಸ್ತಿ ಆದ್ರೆ ನೊಗ ಎತ್ತಿನ ಹೆಗಲು ಮುರಿಯುತ್ತೆ, ಹಿಂಭಾರ ಆದ್ರೆ ಮೂಕಿ ಆಕಾಶ ನೋಡುತ್ತೆ. ಟ್ರೇಲರ್ ಕೂಡ ಅಷ್ಟೇ. ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಟ್ರಕ್ಕಿನ ಹಿಂದಿನ ಕೊಕ್ಕೆಯ ಮೇಲೆ ಕೂರುತ್ತೆ, ಕೂರಲೇಬೇಕು. ಇದಕ್ಕೆ ಟಂಗ್ ವೆಯ್ಟ್ ಅಂತಾರೆ. ಈ ಭಾರವನ್ನ ಟ್ರಕ್ ಎಳೆಯಲ್ಲ ಸ್ವಾಮಿ, ಹೊರುತ್ತೆ. ಹೊರೋ ಶಕ್ತಿಗೆ ಬೇರೆಯದೇ ಅಂಕಿ ಇದೆ, ಪೇಲೋಡ್ ಅಂತ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್ ಅಂಟಿಸಿರ್ತಾರೆ: ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು. ಅದು ಜಾಹೀರಾತಿನ ಅಂಕಿಯಲ್ಲ, ಆ ಒಂದು ಟ್ರಕ್ಕಿನ ಅಂಕಿ.

ಒಂದು ಲೆಕ್ಕ ಹಾಕಿ ನೋಡೋಣ. ಟ್ರೇಲರ್ ತುಂಬಿದಾಗ 7,000 ಪೌಂಡ್ (ಸುಮಾರು 3,175 ಕಿಲೋ). ಶೇಕಡಾ 13 ಅಂದ್ರೆ ಕೊಕ್ಕೆಯ ಮೇಲೆ 910. ಹಿಚ್ ಸಾಮಾನು 90. ಗಂಡ ಹೆಂಡತಿ 320. ಕಾರ್ ಸೀಟ್ ಸಮೇತ ಮಗು 60. ಊರಿಂದ ಬಂದಿರೋ ಅಪ್ಪ ಅಮ್ಮ 290. ಹಿಂದೆ ಕೂಲರ್, ಕುರ್ಚಿ, ಜನರೇಟರ್ ಅಂತ 150. ಒಟ್ಟು 1,820 ಪೌಂಡ್. ಸ್ಟಿಕ್ಕರಿನಲ್ಲಿ 1,500 ಅಂತಿದ್ರೆ? 320 ಪೌಂಡ್ ಜಾಸ್ತಿ! ಎಳೆಯೋದರಲ್ಲಿ 4,000 ಉಳಿದಿತ್ತಲ್ಲ, ಅದನ್ನ ಉಪ್ಪಿನಕಾಯಿ ಹಾಕ್ಕೊಳ್ಳಿ.

ಗೆಳೆಯನೊಬ್ಬನ ಜೊತೆ ಟ್ರಕ್ ನೋಡೋಕೆ ಹೋದಾಗ ನಾನು ಬಾಗಿಲು ತೆಗೆದು ಆ ಸ್ಟಿಕ್ಕರ್ ತೋರಿಸಿದೆ. ಸೇಲ್ಸ್‌ಮನ್ ನಕ್ಕು, "ಅದನ್ನ ಯಾರೂ ನೋಡಲ್ಲ" ಅಂದ. ಗೆಳೆಯನಿಗೆ ಆ ಟ್ರಕ್ಕಿನ ಗಾಜಿನ ಛಾವಣಿ ಇಷ್ಟವಾಗಿತ್ತು. ಆ ಗಾಜು, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬ್ ಎಲ್ಲದರ ತೂಕವೂ ಕಳೆಯೋದು ಪೇಲೋಡಿನಿಂದಲೇ. ಅಂದ್ರೆ ದುಬಾರಿ ಮಾದರಿ ಕೊಂಡಷ್ಟೂ ಹೊರೋ ಶಕ್ತಿ ಕಡಿಮೆ. ಇದನ್ನ ಯಾವ ಜಾಹೀರಾತೂ ಹೇಳಲ್ಲ.

"ಕಂಪನಿಯವರು ಟೆಸ್ಟ್ ಮಾಡೇ ಹಾಕಿರ್ತಾರಲ್ಲ" ಅಂತಾರೆ ಕೆಲವರು. ನಿಜ, ಮಾಡ್ತಾರೆ. ಎಸ್‌ಎಇ ಜೆ2807 ಅನ್ನೋ ಮಾನದಂಡ ಬರೋ ಮುಂಚೆ ಒಬ್ಬೊಬ್ಬರದು ಒಂದೊಂದು ಅಳತೆ. 2011ರ ಮಾದರಿಗಳಿಗೆ ಟೊಯೋಟಾ ಮೊದಲು ಅದನ್ನ ಒಪ್ಪಿಕೊಂಡಾಗ ಟಂಡ್ರಾದ ಅಂಕಿಗಳೇ ಇಳಿದವು. ಅರಿಜೋನಾದ ಡೇವಿಸ್ ಡ್ಯಾಮ್ ಬಳಿ 11.4 ಮೈಲಿ ಏರನ್ನ, ಏಸಿ ಪೂರ್ತಿ ಹಾಕ್ಕೊಂಡು ಹತ್ತಬೇಕು. ಒಳ್ಳೇ ಪರೀಕ್ಷೆಯೇ. ಆದರೆ ಅದರ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರೋದು ಇಬ್ಬರು, ತಲಾ 150 ಪೌಂಡ್. ಮಗು ಇಲ್ಲ, ಅಪ್ಪ ಅಮ್ಮ ಇಲ್ಲ, ಕೂಲರ್ ಇಲ್ಲ. ಇಬ್ಬರು ಯೂಸರ್ ಇಟ್ಕೊಂಡು ಲೋಡ್ ಟೆಸ್ಟ್ ಮಾಡಿದ ಸಾಫ್ಟ್‌ವೇರನ್ನ ನಾವು ರಿಲೀಸ್ ಮಾಡ್ತೀವಾ? (ಮಾಡ್ತೀವಿ ಅನ್ನೋರು ಕೈ ಎತ್ತಬೇಡಿ :-))

ಇನ್ನೊಂದು ಗುಂಪು ಇದೆ: "ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದ್ರೆ ಎಲ್ಲ ಸರಿಹೋಗುತ್ತೆ". ಅದು ಭಾರವನ್ನ ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹಂಚುತ್ತೆ, ಒಳ್ಳೇದೇ. ಆದರೆ ಸ್ಟಿಕ್ಕರಿನ ಅಂಕಿಯನ್ನ ಒಂದು ಪೌಂಡೂ ಹೆಚ್ಚಿಸಲ್ಲ. ಇನ್ನು ಮಹಾಬುದ್ಧಿವಂತರು, ಟಂಗ್ ವೆಯ್ಟ್ ಇಳಿಸೋಕೆ ಸಾಮಾನೆಲ್ಲ ಟ್ರೇಲರಿನ ಹಿಂಭಾಗಕ್ಕೆ ತುಂಬ್ತಾರೆ. ಹಿಂಭಾರದ ಗಾಡಿ! ಎತ್ತಿನ ಗಾಡಿ ಹೋಗೋದು ನಡಿಗೆಯ ವೇಗದಲ್ಲಿ, ಇದು 65 ಮೈಲಿಯಲ್ಲಿ. ಪಕ್ಕದಲ್ಲೊಂದು ದೊಡ್ಡ ಲಾರಿ ಹಾದುಹೋಗಿ ಗಾಳಿ ಬೀಸಿದ್ರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಆಮೇಲೆ ಟ್ರಕ್ಕನ್ನೇ ಅಲ್ಲಾಡಿಸುತ್ತೆ. ಆಗ ಇಂಜಿನ್ನಿನ ಕುದುರೆಗಳು ಎಷ್ಟಿದ್ರೆ ಏನು ಬಂತು?

"ನಾವು ಎರಡು ವರ್ಷದಿಂದ ಎಳೀತಾ ಇದೀವಿ, ಏನೂ ಆಗಿಲ್ಲ" ಅನ್ನೋದು ವಾದವಲ್ಲ, ಅದೃಷ್ಟ. ಹೊಸ ಟ್ರಕ್ಕುಗಳಿಗೆ ಶಕ್ತಿ ಎಷ್ಟಿದೆ ಅಂದ್ರೆ ಹೊರೆ ಜಾಸ್ತಿಯಾಗಿರೋದು ಆಕ್ಸಿಲರೇಟರ್ ಒತ್ತುವಾಗ ಗೊತ್ತೇ ಆಗಲ್ಲ. ಗೊತ್ತಾಗೋದು ಇಳಿಜಾರಿನಲ್ಲಿ, ದಿಢೀರ್ ಬ್ರೇಕ್ ಹಾಕುವಾಗ.

ಹಾಗಂತ ಹಿಂದೆ ನಾಲ್ಕು ಚಕ್ರದ ರಾಕ್ಷಸ ಟ್ರಕ್ಕನ್ನೇ ಎಲ್ಲರೂ ಕೊಳ್ಳಿ ಅಂತ ಉಪದೇಶ ಮಾಡೋರ ಜೊತೆಗೂ ನಾನಿಲ್ಲ. ಡೀಸೆಲ್ ಇಂಜಿನ್ನಿಗೆ ತನ್ನದೇ ತೂಕ ಇದೆ, ಆ ದೊಡ್ಡ ಟ್ರಕ್ಕಿನಲ್ಲೂ ಸ್ಟಿಕ್ಕರ್ ಓದಲೇಬೇಕು. ನಾನು ಹೇಳೋದು ಇಷ್ಟೇ: ಮೊದಲು ಟ್ರೇಲರ್ ಆರಿಸಿ, ಆಮೇಲೆ ಟ್ರಕ್. ಟ್ರೇಲರಿನ ಖಾಲಿ ತೂಕ ನಂಬಬೇಡಿ, ಅದರಲ್ಲಿ ನೀರೂ ಇರಲ್ಲ, ನಿಮ್ಮ ಅಕ್ಕಿ ಮೂಟೆಯೂ ಇರಲ್ಲ. 40 ಗ್ಯಾಲನ್ ನೀರೇ 330 ಪೌಂಡ್ ದಾಟುತ್ತೆ. ತುಂಬಿದಾಗಿನ ಗರಿಷ್ಠ ತೂಕ ತಗೊಂಡು, ಮನೆಯವರ ತೂಕ ಕೂಡಿಸಿ, ನಂತರ ಬಾಗಿಲು ತೆಗೆದು ಸ್ಟಿಕ್ಕರ್ ನೋಡಿ. ಕೊಕ್ಕೆಯ ಮೇಲೂ ಅದರದೇ ಮಿತಿ ಬರೆದಿರುತ್ತೆ, ಅದನ್ನೂ ನೋಡಿ. ಕೊಂಡ ಮೇಲೆ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ಎಲ್ಲರನ್ನೂ ಕೂರಿಸ್ಕೊಂಡು ತೂಗಿಸಿ. ಪಿಜ್ಜಾಕ್ಕಿಂತ ಕಡಿಮೆ ಖರ್ಚಾಗುತ್ತೆ. ಟ್ರಕ್ ಆಗಲೇ ಮನೇಲಿದೆಯಾ? ಚಿಕ್ಕ ಟ್ರೇಲರ್ ತಗೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಸಾಲಕ್ಕೆ ಮಾತ್ರ ಅಲ್ಲ.

ಹಿಂದಿನ ಸೀಟಲ್ಲಿ ಕೂತು ಕಿಟಕಿಯಾಚೆ ಬೆಟ್ಟ ನೋಡ್ತಾ ಇರೋ ನಿಮ್ಮಮ್ಮನಿಗೆ ಪೇಲೋಡ್ ಅಂದ್ರೆ ಏನು ಅಂತ ಗೊತ್ತಿಲ್ಲ. ಅವರು ಮಗ ಇಂಜಿನಿಯರ್ ಅಂತ ನಂಬಿ ಕೂತಿದ್ದಾರೆ. ಅಷ್ಟಾದರೂ ಲೆಕ್ಕ ಹಾಕೋಣ ಅಲ್ವಾ?