ಮುಚ್ಚಳದ ಕೆಳಗೆ ಇಳಿದವರು ಯಾರು, ಕೇಳಿ

ಮನೆ ಕೊಳ್ಳುವಾಗ ನಾವು ಏನೆಲ್ಲ ಕೇಳುತ್ತೇವೆ! ನೀರು ಕಾವೇರಿಯದೋ ಬೋರ್‌ವೆಲ್ಲಿನದೋ, ಖಾತೆ ಎ ಯೋ ಬಿ ಯೋ, ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಆಗ್ನೇಯಕ್ಕಿದೆಯೋ ಇಲ್ಲವೋ, ಶಾಲೆ ಎಷ್ಟು ದೂರ, ಮೆಟ್ರೊ ಯಾವಾಗ ಬರುತ್ತದೆ. ಹತ್ತು ಜನರನ್ನು ವಿಚಾರಿಸುತ್ತೇವೆ. ಹಳೆಯ ಇ.ಸಿ. ತೆಗೆಸಿ, ಕಾಗದಪತ್ರವನ್ನೆಲ್ಲ ವಕೀಲರಿಗೆ ತೋರಿಸಿ, ಆಮೇಲಷ್ಟೇ ಮುಂಗಡ ಕೊಡುತ್ತೇವೆ. ಇಷ್ಟೆಲ್ಲ ಕೇಳುವ ನಾವು ಒಂದನ್ನು ಮಾತ್ರ ಕೇಳುವುದಿಲ್ಲ. ಈ ಮನೆಯಲ್ಲಿ ನಾವು ಫ್ಲಶ್ ಮಾಡಿದ್ದು ಹೋಗಿ ಸೇರುವುದೆಲ್ಲಿ? ಅದು ಕಟ್ಟಿಕೊಂಡ ದಿನ ಬಿಡಿಸಲು ಇಳಿಯುವವರು ಯಾರು?

ಪಿಟ್ ತುಂಬಿ ಉಕ್ಕಿದ ದಿನವೂ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: ‘ಎಷ್ಟಾಗತ್ತೆ?’ ಮೇಸ್ತ್ರಿ ಒಂದು ಮೊತ್ತ ಹೇಳುತ್ತಾನೆ, ನಾವು ಐನೂರು ಇಳಿಸುತ್ತೇವೆ. ‘ಬೆಳಿಗ್ಗೆ ಬೇಗ ಬಂದು ಮುಗಿಸಿಬಿಡಿ, ಪಕ್ಕದ ಮನೆಯವರಿಗೆ ವಾಸನೆ ಬರಬಾರದು’ ಎನ್ನುತ್ತೇವೆ. ಅವರು ಬಂದಾಗ ಕಿಟಕಿ ಹಾಕಿಕೊಂಡು ಒಳಗೆ ಕೂರುತ್ತೇವೆ. ಯಂತ್ರ ತಂದರೋ, ಮನುಷ್ಯನನ್ನೇ ಇಳಿಸಿದರೋ, ಇಳಿದವನ ಸೊಂಟಕ್ಕೆ ಹಗ್ಗವಾದರೂ ಇತ್ತೋ, ನೋಡುವುದಿಲ್ಲ. ಎರಡು ಗಂಟೆಯ ನಂತರ ದುಡ್ಡು ಕೈ ಬದಲಾಯಿಸುತ್ತದೆ. ಕೆಲಸ ಮುಗಿಯಿತು.

ತಿಳಿಯದೇ ಇರುವುದು ಬೇರೆ, ತಿಳಿಯದಂತೆ ನೋಡಿಕೊಳ್ಳುವುದು ಬೇರೆ. ಮೊದಲನೆಯದನ್ನು ಯಾರಾದರೂ ಹೇಳಿಕೊಟ್ಟು ಸರಿಪಡಿಸಬಹುದು. ಎರಡನೆಯದಕ್ಕೆ ನಾವೇ ದಿನವೂ ಶ್ರಮ ಹಾಕುತ್ತೇವೆ: ಕಣ್ಣು ತಿರುಗಿಸುತ್ತೇವೆ, ಮಾತು ಬದಲಿಸುತ್ತೇವೆ, ಪೇಪರಿನ ಆ ಪುಟವನ್ನು ಬೇಗ ಮಗುಚುತ್ತೇವೆ. ಯಾಕೆ? ತಿಳಿದ ಮೇಲೆ ಸುಮ್ಮನಿರಲು ಬರುವುದಿಲ್ಲ. ಸುಮ್ಮನಿರಬೇಕೆಂದು ಮೊದಲೇ ತೀರ್ಮಾನಿಸಿದವರು ತಿಳಿಯದೇ ಇರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ನಮ್ಮ ಕಾಲದ ಅತ್ಯಂತ ಕ್ರೂರವಾದ ಜಾಣ ಕುರುಡು ಇದೇ. ಇದನ್ನು ಹೇಳದೆ ಇನ್ನು ಇರಲಾಗದು.

ಹಾಗಾದರೆ ಒಮ್ಮೆ ತಿಳಿಯೋಣ. ಮುಚ್ಚಳದ ಕೆಳಗೆ ಮಲ ಕೊಳೆಯುವಾಗ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ. ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತುಂಬಿಕೊಳ್ಳುತ್ತವೆ. ಇವುಗಳಲ್ಲಿ ಕೊನೆಯದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ನೂರು ಭಾಗ ತಲುಪಿತೆಂದರೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ, ವಾಸನೆ ಹೋಯಿತೆಂದು ಇಳಿದವನು ಅಂದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಾದರೆ ಕೆಲವೇ ನಿಮಿಷ, ಇನ್ನೂ ಹೆಚ್ಚಾದರೆ ಒಂದೆರಡು ಉಸಿರು. ಕೆಳಗಿನವನು ಕುಸಿದದ್ದನ್ನು ಕಂಡು ಮೇಲಿದ್ದವನು ಅವನನ್ನೆತ್ತಲು ಇಳಿಯುತ್ತಾನೆ. ಅವನು ಅಣ್ಣನೋ ಭಾವನೋ ಒಂದೇ ಕೇರಿಯವನೋ ಆಗಿರುತ್ತಾನೆ, ಬಿಟ್ಟು ಓಡಲಾರ. ಅವನೂ ಮೇಲೆ ಬರುವುದಿಲ್ಲ. ಈ ಸುದ್ದಿಗಳಲ್ಲಿ ಸತ್ತವರು ಇಬ್ಬರು, ಮೂವರು ಎಂದು ಬರುವುದು ಇದರಿಂದಲೇ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಮೂವರು. ವರ್ಷ ತುಂಬುವುದರೊಳಗೆ, 2018ರ ಜನವರಿಯಲ್ಲಿ, ಎಚ್‌ಎಸ್‌ಆರ್ ಬಡಾವಣೆಯ ಬಳಿ ಅಪಾರ್ಟ್‌ಮೆಂಟೊಂದರ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಮತ್ತೆ ಮೂವರು. ಮೊದಲನೆಯದು ಬೀದಿಯ ಸಾವು, ಎರಡನೆಯದು ನಮ್ಮ ಕಾಂಪೌಂಡಿನೊಳಗಿನ ಸಾವು. ಎರಡನೆಯದಕ್ಕೆ ‘ಸರ್ಕಾರ ಏನು ಮಾಡುತ್ತಿತ್ತು’ ಎಂದು ಬೆರಳು ತೋರಿಸುವಂತೆಯೂ ಇಲ್ಲ. ಅಲ್ಲಿ ಮೇಂಟೆನೆನ್ಸ್ ಕಟ್ಟುವವರು ನಾವು, ಗುತ್ತಿಗೆ ಕೊಡುವವರೂ ನಾವು.

2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿಮಾಡಲು ಇಳಿದು ಸತ್ತವರು 377 ಮಂದಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಲೆಕ್ಕಕ್ಕೆ ಸಿಕ್ಕವರು ಇಷ್ಟು. ಆದರೆ ಅದೇ ಸರ್ಕಾರ 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ ಎಂದಿತ್ತು. ಎರಡೂ ಹೇಗೆ ನಿಜವಾಗುತ್ತವೆ? ಕೈಯಿಂದ ಮಲ ತೆಗೆಯುವುದಕ್ಕೆ ಒಂದು ಹೆಸರು, ಗುಂಡಿಗಿಳಿದು ಶುಚಿಮಾಡುವುದಕ್ಕೆ ಇನ್ನೊಂದು ಹೆಸರು ಎಂದು ಕಡತದಲ್ಲಿ ಎರಡು ಕಂಬಸಾಲು ಎಳೆದರೆ ಸಾಕು. ಒಂದು ಸಾಲಿನಲ್ಲಿ ಹೆಣಗಳು ತುಂಬುತ್ತವೆ, ಇನ್ನೊಂದರಲ್ಲಿ ಸೊನ್ನೆ ಹೊಳೆಯುತ್ತದೆ. ಉತ್ತರಕ್ಕೆ ಬೇಕಾದ ಸಾಲನ್ನು ಓದಿದರಾಯಿತು.

ಎಣಿಕೆಯ ಕತೆಯೂ ಹೀಗೆಯೇ. ಮನುಷ್ಯರೇ ಮಲ ತೆಗೆಯಬೇಕಾದ ಶೌಚಾಲಯಗಳು ದೇಶದಲ್ಲಿ 7.94 ಲಕ್ಷ ಇವೆ ಎಂದಿತು 2011ರ ಜನಗಣತಿ. ಅವನ್ನು ಶುಚಿಮಾಡುವವರನ್ನು ಗುರುತಿಸಲು 2013 ಮತ್ತು 2018ರಲ್ಲಿ ನಡೆದ ಸಮೀಕ್ಷೆಗಳಿಗೆ ಸಿಕ್ಕವರು 58,098 ಜನ. ತನ್ನ ಜಿಲ್ಲೆಯಲ್ಲಿ ಈ ಕೆಲಸ ಇನ್ನೂ ಇದೆ ಎಂದು ಬರೆದುಕೊಟ್ಟರೆ ಕಾನೂನು ಮುರಿದದ್ದನ್ನು ತಾನೇ ಒಪ್ಪಿದಂತೆ ಎಂಬುದು ಯಾವ ಅಧಿಕಾರಿಗೆ ಗೊತ್ತಿಲ್ಲ? ಹುಡುಕಬೇಕಾದವನಿಗೇ ಸಿಗದಿರುವುದು ಲಾಭವಾದರೆ ಹುಡುಕಾಟ ಎಲ್ಲಿ ನಿಲ್ಲುತ್ತದೆಂದು ಹೇಳಬೇಕಾಗಿಲ್ಲ. ಹಾಗೆ ಸಿಕ್ಕವರಲ್ಲಿ 43,797 ಜನರ ಜಾತಿಯ ವಿವರ ದೊರೆತಿದೆ. ಅವರಲ್ಲಿ ಪರಿಶಿಷ್ಟ ಜಾತಿಯವರು 42,594. ನೂರಕ್ಕೆ ತೊಂಬತ್ತೇಳು! ಗುಂಡಿಗೆ ಇಳಿಯುವವರು ಯಾರೆಂದು ನಾವು ಕೇಳದೇ ಇರುವುದಕ್ಕೆ ಉಳಿದೆಲ್ಲ ಕಾರಣಗಳಿಗಿಂತ ದೊಡ್ಡ ಕಾರಣ ಇಲ್ಲಿದೆ. ಉತ್ತರ ನಮಗೆ ಗೊತ್ತು. ಅಜ್ಜನ ಕಾಲದಿಂದ ಗೊತ್ತು.

ಕಾನೂನು ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲಿಯೇ ನಿಷೇಧಿಸಿದರು. 1993ರಲ್ಲಿ ಸಂಸತ್ತು ಕಾನೂನು ಮಾಡಿತು, 2013ರಲ್ಲಿ ಇನ್ನೂ ಬಿಗಿಯಾದದ್ದನ್ನು ತಂದಿತು. ರಕ್ಷಣೆಯ ಸಾಧನವಿಲ್ಲದೆ, ಮುಂಜಾಗ್ರತೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಮಾತು ಪಾಲಿಕೆಗೆ, ಗುತ್ತಿಗೆದಾರನಿಗೆ ಅನ್ವಯಿಸುವಂತೆ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮಡಿದವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳ ಹೆಸರು ಹಿಡಿದು, ಇದು ಪೂರ್ತಿ ನಿಲ್ಲಬೇಕು ಎಂದು ಆದೇಶಿಸಿತು. ಐವತ್ತು ವರ್ಷಗಳಿಂದ ಕಾನೂನಿನ ಮೇಲೆ ಕಾನೂನು ಬಂದಿದೆ. ಬಾರದೇ ಉಳಿದಿರುವುದು ಮನೆಬಾಗಿಲಲ್ಲಿ ನಿಂತು ‘ಯಾರು ಇಳಿಯುತ್ತಾರೆ?’ ಎನ್ನುವ ಒಂದು ದನಿ.

ಆ ದನಿ ಎತ್ತಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಕೋಲಾರದ ಚಿನ್ನದ ಗಣಿಗಳನ್ನು ನೆನೆಯಿರಿ. ನೆಲದಡಿ ಮೂರು ಕಿಲೋಮೀಟರಿಗಿಂತ ಆಳದಲ್ಲಿ ಚಿನ್ನದ ಎಳೆ ಯಾವ ಕಡೆ ಹರಿದಿದೆ ಎಂದು ಅರಸಿ ಅರಸಿ ತಿಳಿದುಕೊಂಡ ಊರು ಅದು. ಅದಕ್ಕಾಗಿ 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ವಿದ್ಯುತ್ ಎಳೆದು ತಂದರು. ಅದೇ ಊರಿನ ಕಾರ್ಮಿಕರ ಸಾಲುಮನೆಗಳ ಹಿಂದೆ ಒಣ ಕಕ್ಕಸುಗಳಿದ್ದವು, ಅವನ್ನು ಬಾಚಿ ಬಕೆಟ್ಟಿನಲ್ಲಿ ಹೊರುವವರಿದ್ದರು. ಆಳದ ಚಿನ್ನ ಎಲ್ಲರಿಗೂ ಕಂಡಿತು, ಹಿತ್ತಿಲಿನ ಬಕೆಟ್ ಯಾರಿಗೂ ಕಾಣಲಿಲ್ಲ. ಹಾಗೆ ಹೊರುತ್ತಿದ್ದ ಒಂದು ಕುಟುಂಬದ ಮಗ ಬೆಜವಾಡ ವಿಲ್ಸನ್. ಹೆತ್ತವರು ತಾವು ಮಾಡುವ ಕೆಲಸವನ್ನು ಮಗನಿಂದ ಮುಚ್ಚಿಟ್ಟಿದ್ದರು. ಶಾಲೆಯಲ್ಲಿ ಮಕ್ಕಳು ಹಂಗಿಸಿದಾಗಲೂ ನಿಜ ಹೇಳಲಿಲ್ಲ. ಅವರ ಮುಚ್ಚುವಿಕೆಯನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅವರು ಮಗನ ತಲೆ ತಗ್ಗದಿರಲೆಂದು ಬಚ್ಚಿಟ್ಟರು. ನಾವು ನಮ್ಮ ತಲೆ ತಗ್ಗದಿರಲೆಂದು ಬಚ್ಚಿಡುತ್ತೇವೆ.

ತಿಳಿದ ಮೇಲೆ ವಿಲ್ಸನ್ ಸುಮ್ಮನಿರಲಿಲ್ಲ. ಇಲ್ಲಿ ಒಣ ಕಕ್ಕಸು ಇಲ್ಲವೇ ಇಲ್ಲ ಎನ್ನುವವರ ಮುಂದೆ ಅದರ ಫೋಟೊ ತೆಗೆದು ಇಟ್ಟರು. ಪತ್ರ ಬರೆದರು, ಉತ್ತರ ಬಾರದಿದ್ದಾಗ ಮತ್ತೆ ಬರೆದರು. ಅವರು ಸಂಗಾತಿಗಳ ಜೊತೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ‘ನಮ್ಮಲ್ಲಿ ಈ ಪದ್ಧತಿ ಇಲ್ಲ’ ಎಂದು ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದಾಗ, ಆಂದೋಲನದವರು ಆಯಾ ರಾಜ್ಯಗಳ ಗಲ್ಲಿಗಳಿಗೇ ಹೋಗಿ ಸಾಕ್ಷ್ಯ ಕಲೆಹಾಕಿ ತಂದರು. 2014ರ ತೀರ್ಪು ಬರಲು ಹನ್ನೊಂದು ವರ್ಷ ಹಿಡಿಯಿತು. ಇವರಿಗೆ ಯಾವ ಮಾಹಿತಿಯೂ ಗುಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಲ್ಲ. ಎಲ್ಲರೂ ಓಡಾಡುವ ಬೀದಿಯಲ್ಲೇ ಬಿದ್ದಿತ್ತು. ಅವರು ನಿಂತು ನೋಡಿದರು, ನಾವು ಮೂಗು ಮುಚ್ಚಿಕೊಂಡು ದಾಟಿದೆವು.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ ನಡೆದದ್ದನ್ನು ಮರೆತವರು ನೆನಪಿಸಿಕೊಳ್ಳಿ. ತಲೆಮಾರುಗಳಿಂದ ಊರಿನ ಮಲ ಹೊತ್ತವರು, ತಾವಿದ್ದ ಜಾಗ ಬಿಡಿಸುತ್ತಾರೆಂಬ ಸಂಕಟಕ್ಕೆ, ಪುರಸಭೆಯ ಎದುರು ಅದೇ ಮಲವನ್ನು ಮೈಮೇಲೆ ಸುರಿದುಕೊಂಡರು. ನಾಡು ಬೆಚ್ಚಿತು, ಮಂತ್ರಿಗಳು ಸ್ವಾಮೀಜಿಗಳು ಲೇಖಕರು ಅತ್ತ ಓಡಿದರು. ಮನವಿ ಕೊಟ್ಟಾಗ ಓದದವರು, ಮೈಗೆ ಬಳಿದುಕೊಂಡಾಗ ನೋಡಿದರು. ಒಬ್ಬ ಮನುಷ್ಯ ತನ್ನ ಬದುಕಿನ ಸುದ್ದಿಯನ್ನು ನಮ್ಮ ಕಣ್ಣಿಗೆ ಮುಟ್ಟಿಸಲು ಎಷ್ಟು ದೂರ ಹೋಗಬೇಕು? ಇನ್ನೂ ಎಷ್ಟು ದೂರ ಕಳಿಸುತ್ತೀರಿ?

‘ಅವರ ಹೊಟ್ಟೆಪಾಡು ಅದು, ನಾವು ಕೇಳಲು ಹೋದರೆ ಇರುವ ಕೆಲಸವೂ ತಪ್ಪುತ್ತದೆ’ ಎನ್ನುವವರಿದ್ದಾರೆ. ಹೊಟ್ಟೆಪಾಡಿಗೆ ಉಸಿರು ಅಡವಿಡಬೇಕೆಂದು ಯಾವ ನ್ಯಾಯ ಹೇಳುತ್ತದೆ? ಸಕ್ಕಿಂಗ್ ಯಂತ್ರ, ಜೆಟ್ಟಿಂಗ್ ಯಂತ್ರ ಇವೆ. ಅವನ್ನು ಓಡಿಸುವ ಕೆಲಸವೂ ಕೆಲಸವೇ. ಅವಕ್ಕೆ ಅವರೇ ಚಾಲಕರಾಗಲಿ, ಅವರೇ ಮಾಲೀಕರಾಗಲಿ. ‘ಯಂತ್ರ ನಮ್ಮ ಗಲ್ಲಿಗೆ ಬರಲ್ಲ, ತಳದ ಗಟ್ಟಿ ಕೆಸರನ್ನು ಎಳೆಯಲ್ಲ’ ಎನ್ನುತ್ತಾರೆ ಇನ್ನು ಕೆಲವರು. ನಿಜ, ಕೆಲವು ಕಡೆ ತೊಡಕಿದೆ. ಆದರೆ ಗಲ್ಲಿಗೆ ಅಡುಗೆ ಅನಿಲ ಬರುತ್ತದೆ, ಫೈಬರ್ ಕೇಬಲ್ ಬರುತ್ತದೆ, ಮಧ್ಯರಾತ್ರಿ ಬಿರಿಯಾನಿ ಬರುತ್ತದೆ. ಬೇಕು ಎಂದು ಹಟ ಹಿಡಿದದ್ದಕ್ಕೆಲ್ಲ ನಾವು ದಾರಿ ಹುಡುಕಿದ್ದೇವೆ. ತೀರಾ ಅನಿವಾರ್ಯವಾಗಿ ಮನುಷ್ಯನೇ ಇಳಿಯಬೇಕಾದರೆ ಅದಕ್ಕೂ ನಿಯಮವಿದೆ: ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿ ಬೇಕು, ಪೂರ್ಣ ರಕ್ಷಣಾ ಸಾಧನ ಬೇಕು. ಆ ಅನುಮತಿಪತ್ರವನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿ ನೋಡಿದ್ದೀರಿ?

ಅಪಾರ್ಟ್‌ಮೆಂಟ್ ಸಂಘದಲ್ಲಿ ಕೂರುವವರೇ, ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕಿಂತ ಮೊದಲು ಎಸ್‌ಟಿಪಿಯ ಗುತ್ತಿಗೆ ಪತ್ರ ತರಿಸಿ, ಗಟ್ಟಿಯಾಗಿ ಓದಿಸಿ. ಯಾರೂ ಇಳಿಯುವುದಿಲ್ಲ ಎಂಬ ಸಾಲು ಅದರಲ್ಲಿ ಇಲ್ಲದಿದ್ದರೆ ಬರೆಸಿ. ಸ್ವಂತ ಮನೆಯವರೇ, ಪಿಟ್ ಖಾಲಿ ಮಾಡಿಸುವ ದಿನ ಕಿಟಕಿ ಹಾಕಬೇಡಿ, ಹೊರಗೆ ಬಂದು ನಿಲ್ಲಿ. ಯಂತ್ರ ಬಾರದಿದ್ದರೆ ಕೆಲಸ ನಿಲ್ಲಿಸಿ, ಚೌಕಾಸಿ ಮಾಡಿ ಉಳಿಸಿದ ಐನೂರನ್ನು ಯಂತ್ರಕ್ಕೆ ಸೇರಿಸಿ ಕೊಡಿ. ರಸ್ತೆಯಲ್ಲಿ ತೆರೆದ ಮ್ಯಾನ್‌ಹೋಲಿನಿಂದ ಒಂದು ತಲೆ ಮೇಲೆ ಬರುವುದು ಕಂಡರೆ ಗಾಡಿ ನಿಲ್ಲಿಸಿ. ಮೇಸ್ತ್ರಿಯ ಹೆಸರು, ಇಲಾಖೆಯ ಹೆಸರು ಕೇಳಿ, ಸಹಾಯವಾಣಿ 14420ಕ್ಕೆ ಕರೆ ಮಾಡಿ, ನಗರಸಭೆಗೂ ಪೊಲೀಸರಿಗೂ ತಿಳಿಸಿ. ಇಳಿದವನ ಮೇಲೆ ರೇಗಬೇಡಿ, ಇಳಿಸಿದವನನ್ನು ಕೇಳಿ. ನಿಮ್ಮ ಊರಿನಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ಕೆಟ್ಟು ನಿಂತಿವೆ, ಮಡಿದವರ ಮನೆಗೆ ಪರಿಹಾರ ಮುಟ್ಟಿದೆಯೇ ಎಂದು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ. ಮೇಷ್ಟ್ರುಗಳೇ, ಸ್ವಚ್ಛತೆಯ ಪ್ರಬಂಧ ಬರೆಸುವಾಗ ಸ್ವಚ್ಛ ಮಾಡುವವರ ಬದುಕನ್ನೂ ಪಾಠ ಮಾಡಿ. ಪತ್ರಕರ್ತರೇ, ಸತ್ತ ದಿನದ ಸುದ್ದಿಗೆ ನಿಲ್ಲಬೇಡಿ. ವರ್ಷದ ನಂತರ ಆ ಕೇಸು ಏನಾಯಿತು, ಯಾರಿಗೆ ಶಿಕ್ಷೆಯಾಯಿತು ಎಂದು ಮತ್ತೆ ಹೋಗಿ ಕೇಳಿ.

ಕೇಳಿದರೆ ಇರುಸುಮುರುಸಾಗುತ್ತದೆ. ಮೇಸ್ತ್ರಿ ಗೊಣಗುತ್ತಾನೆ, ಸಂಘದವರು ‘ನಿಮಗ್ಯಾಕೆ ಸಾರ್’ ಎನ್ನುತ್ತಾರೆ, ಖರ್ಚು ಹೆಚ್ಚಾಗುತ್ತದೆ, ಒಂದು ದಿನ ಕೊಳಚೆ ಅಂಗಳದಲ್ಲೇ ನಿಲ್ಲುತ್ತದೆ. ನಿಲ್ಲಲಿ. ನಮ್ಮದೇ ಅಲ್ಲವೇ? ಇಷ್ಟು ಕಾಲ ನಮ್ಮ ನೆಮ್ಮದಿಯ ಬೆಲೆಯನ್ನು ಬೇರೆಯವರ ಮಕ್ಕಳು ತೆತ್ತಿದ್ದಾರೆ. ಇನ್ನು ಮುಂದೆ ಒಬ್ಬನು ನಿಮ್ಮ ಗುಂಡಿಯಲ್ಲಿ ಸತ್ತರೆ ‘ನನಗೆ ಗೊತ್ತಿರಲಿಲ್ಲ’ ಎನ್ನಬೇಡಿ. ಓದಿದ್ದೀರಿ, ಗೊತ್ತಾಗಿದೆ. ನಿಮ್ಮ ಮನೆಯ ಪಿಟ್ ಕಳೆದ ಬಾರಿ ಖಾಲಿ ಮಾಡಿದವರು ಯಾರು, ಹೇಗೆ ಮಾಡಿದರು? ಇವತ್ತೇ ಫೋನ್ ಮಾಡಿ ಕೇಳಿ.