ಆಟವು ಪಾಠದ ಶತ್ರುವಲ್ಲ

ಅತ್ತಿಬೆಲೆಯ ನಮ್ಮ ಮಕ್ತಬ್‌ನಲ್ಲಿ ಸಂಜೆಯ ಕಾಯಿದಾ ಪಾಠ ಮುಗಿದ ಬಳಿಕ, ಐದರಿಂದ ಎಂಟು ವರ್ಷದ ಮಕ್ಕಳಿಗೆ ಅರ್ಧ ಗಂಟೆ ಕನ್ನಡ ಓದು ಮತ್ತು ಲೆಕ್ಕ ಕಲಿಸುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಕಳೆದ ವರ್ಷ ಒಬ್ಬ ತಂದೆ ಬಂದು ತಮ್ಮ ಮಗಳ ಚೀಲವನ್ನು ನನ್ನ ಮುಂದೆ ತೆರೆದಿಟ್ಟರು. ನಾಲ್ಕು ತಿಂಗಳಾಗಿದ್ದರೂ ನೋಟ್‌ಬುಕ್ಕಿನಲ್ಲಿ ನಾಲ್ಕೈದು ಪುಟಗಳಷ್ಟೇ ತುಂಬಿದ್ದವು. ಚೀಲದ ತಳದಲ್ಲಿ ಒಂದು ಹಿಡಿ ಹುಣಸೆಬೀಜ, ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಗಳ ಕಟ್ಟು ಮತ್ತು ರಟ್ಟಿನ ಕೆಲವು ಅಕ್ಷರ ಚೀಟಿಗಳಿದ್ದವು. "ಹಜ್ರತ್, ಆಟವೇ ಆಡುವುದಾದರೆ ಇವಳು ಬೀದಿಯಲ್ಲೇ ಆಡುತ್ತಿದ್ದಳು" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಆತಂಕವೇ ಹೆಚ್ಚಾಗಿತ್ತು. ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ದುಡಿದು ಮಕ್ಕಳನ್ನು ಓದಿಸುವ ಮನುಷ್ಯ ಅವರು. ಮುಂದಿನ ವಾರದಿಂದ ಆ ಹುಡುಗಿ ಬರಲಿಲ್ಲ.

ಅಂದು ನಾನು ಸರಿಯಾಗಿ ಉತ್ತರಿಸಲಾರದೆ ಹೋದೆ. ಇಂತಹ ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ, ನಮ್ಮ ಸಮುದಾಯದ ಎಲ್ಲ ತಂದೆ ತಾಯಂದಿರ ಮುಂದೆ ನನ್ನ ಉತ್ತರವನ್ನು ಈಗ ಇಡುತ್ತಿದ್ದೇನೆ.

ಮೊದಲು ನಮ್ಮ ಮಗುವಿನ ತಲೆಯ ಮೇಲಿರುವ ಹೊರೆಯನ್ನು ಗಮನಿಸೋಣ. ಅತ್ತಿಬೆಲೆ ಗಡಿಯ ಊರು. ಹೊಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ತಮಿಳುನಾಡು. ಇಲ್ಲಿನ ಮುಸ್ಲಿಮ್ ಮಗು ಮನೆಯಲ್ಲಿ ದಖ್ಖನಿ ಉರ್ದು ಮಾತನಾಡುತ್ತದೆ, ಮಕ್ತಬ್‌ನಲ್ಲಿ ಅರಬಿ ಓದುತ್ತದೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಕಲಿಯುತ್ತದೆ, ಬೀದಿಯಲ್ಲಿ ತಮಿಳು, ತೆಲುಗು ಕೇಳುತ್ತದೆ. ಬೆಳಿಗ್ಗೆ ಎಡದಿಂದ ಬಲಕ್ಕೆ ಓದಿದ ಕಣ್ಣು ಸಂಜೆ ಬಲದಿಂದ ಎಡಕ್ಕೆ ಓದಬೇಕು. ಅಷ್ಟು ಸಾಲದೆಂಬಂತೆ, ಉರ್ದು ಮತ್ತು ಅರಬಿಯ ಸಾಲು ಬಲದಿಂದ ಎಡಕ್ಕೆ ಸಾಗಿದರೂ ಅದರೊಳಗಿನ ಅಂಕಿಗಳಲ್ಲಿ ದೊಡ್ಡ ಸ್ಥಾನವು ಎಡಗಡೆಯಲ್ಲೇ ಇರುತ್ತದೆ. ಇದನ್ನು ನಾವು ಮಗುವಿಗೆ ಒಮ್ಮೆಯಾದರೂ ಬಿಡಿಸಿ ಹೇಳಿದ್ದೇವೆಯೇ?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ಐದು ಬರೆಯಲು ಹೇಳಿದೆ. ಅವನು ಸೊನ್ನೆ ಬರೆದ. ಮತ್ತೆ ಹೇಳಿದೆ, ಮತ್ತೆ ಸೊನ್ನೆಯನ್ನೇ ಬರೆದ. ಎಲ್ಲರೆದುರು ಅವನನ್ನು ದಡ್ಡನೆಂದು ಗದರಿಸಿ ಮೂಲೆಯಲ್ಲಿ ನಿಲ್ಲಿಸಿದೆ. ರಾತ್ರಿ ಮುಸ್‌ಹಫ್ ತೆರೆದು ಕುಳಿತಾಗ ಆಯತ್‌ಗಳ ಸಂಖ್ಯೆಯನ್ನು ನೋಡಿ ನನಗೆ ಅರಿವಾಯಿತು: ಅರಬಿಯ ಐದು ನೋಡಲು ನಮ್ಮ ಸೊನ್ನೆಯಂತೆಯೇ ಇರುತ್ತದೆ, ಅರಬಿಯ ಸೊನ್ನೆಯೋ ಬರಿಯ ಒಂದು ಚುಕ್ಕೆ. ಆ ಹುಡುಗ ಐದನ್ನೇ ಬರೆದಿದ್ದ. ಓದಲು ತಪ್ಪಿದವನು ನಾನು. ಮರುದಿನ ಅವನಲ್ಲಿ ಕ್ಷಮೆ ಕೇಳಿದೆನಾದರೂ, ಅವನು ಆ ವರ್ಷವಿಡೀ ಲೆಕ್ಕದ ಹೊತ್ತಿನಲ್ಲಿ ನನ್ನ ಕಣ್ಣು ತಪ್ಪಿಸಿಯೇ ಕುಳಿತ. ಅಂದಿನಿಂದ ನಮ್ಮ ಮಕ್ತಬ್‌ನಲ್ಲಿ ಅಂಕಿಗಳ ಜೋಡಿಯಾಟ ಆರಂಭವಾಯಿತು. ಒಂದು ಚೀಟಿಯಲ್ಲಿ ಕನ್ನಡದ ಅಂಕಿ, ಒಂದರಲ್ಲಿ ಅರಬಿಯ ಅಂಕಿ, ಒಂದರಲ್ಲಿ ಇಂಗ್ಲಿಷ್ ಅಂಕಿ, ಇನ್ನೊಂದರಲ್ಲಿ ಅಷ್ಟೇ ಚುಕ್ಕೆಗಳು. ಚೀಟಿಗಳನ್ನು ಕಲಸಿ ಹರಡಿದರೆ ಮಕ್ಕಳು ಒಂದೇ ಬೆಲೆಯ ನಾಲ್ಕನ್ನು ಹುಡುಕಿ ಜೋಡಿಸುತ್ತಾರೆ. ಹತ್ತು ದಿನಗಳಲ್ಲಿ ಗೊಂದಲ ಕರಗುತ್ತದೆ.

ಎಣಿಕೆಯ ಹೆಸರುಗಳಲ್ಲಿಯೂ ಇಂತಹದೇ ತೊಡಕಿದೆ. ಉರ್ದುವಿನಲ್ಲಿ 29ಕ್ಕೆ ಉನತೀಸ್ ಎನ್ನುತ್ತಾರೆ. ಮಗುವಿನ ಕಿವಿಗೆ ಕೇಳಿಸುವುದು ತೀಸ್, ಅಂದರೆ 30. 59ಕ್ಕೆ ಉನಸಠ್ ಎಂದಾಗ ಕೇಳಿಸುವುದು 60. ಆದ್ದರಿಂದ ಅದು 59ರ ಬದಲು 69 ಎಂದು ಬರೆದರೆ ಅಚ್ಚರಿಯಿಲ್ಲ. ಅರಬಿಯಲ್ಲಿ 'ಒಂಬತ್ತು ಮತ್ತು ಐವತ್ತು' ಎಂಬ ಕ್ರಮ. ಕನ್ನಡದ ಐವತ್ತೊಂಬತ್ತು ಎಂಬ ಪದವಾದರೋ ಐದು ಹತ್ತುಗಳನ್ನೂ ಒಂಬತ್ತು ಬಿಡಿಗಳನ್ನೂ ಬರೆಯುವ ಕ್ರಮದಲ್ಲೇ ಹೇಳುತ್ತದೆ. ಸ್ಥಾನಬೆಲೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ಮಕ್ಕಳಿಗೆ ಬೇರಿಲ್ಲ. ಉರ್ದು ನಮ್ಮ ಮನೆಮಾತು, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಎಣಿಕೆಯ ಜೊತೆಗೆ ಕನ್ನಡದ ಎಣಿಕೆಯನ್ನೂ ಸೇರಿಸಿ, ಕಡ್ಡಿಗಳ ಕಟ್ಟನ್ನು ಮಗುವಿನ ಕೈಗೆ ಕೊಡಬೇಕೆನ್ನುತ್ತೇನೆ. ಹತ್ತು ಕಡ್ಡಿಗೆ ಒಂದು ಕಟ್ಟು, ಉಳಿದವು ಬಿಡಿ. ಉನತೀಸ್ ಎಂದೊಡನೆ ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿಗಳನ್ನು ಎತ್ತಿ ತೋರಿಸಬೇಕು. ಆ ತಂದೆ ಚೀಲದಲ್ಲಿ ಕಂಡದ್ದು ಈ ಕಟ್ಟನ್ನೇ.

ಇದು ನಮಗೆ ಹೊಸ ವಿಧಾನವೂ ಅಲ್ಲ. ಚಾಂದ್ರ ತಿಂಗಳಿನಲ್ಲಿ ಎಷ್ಟು ದಿನಗಳೆಂಬುದನ್ನು ಪ್ರವಾದಿ(ಸ) ಹೇಗೆ ತಿಳಿಸಿದರೆಂಬುದನ್ನು ಅಬ್ದುಲ್ಲಾಹ್ ಬಿನ್ ಉಮರ್(ರ) ವರದಿ ಮಾಡಿದ್ದು, ಅದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಪ್ರವಾದಿವರ್ಯರು ಎರಡೂ ಕೈಗಳ ಹತ್ತು ಬೆರಳುಗಳನ್ನು ಮೂರು ಬಾರಿ ತೋರಿಸಿ, ಮೂರನೆಯ ಬಾರಿ ಹೆಬ್ಬೆರಳೊಂದನ್ನು ಮಡಚಿದರು. ಹತ್ತು, ಹತ್ತು, ಒಂಬತ್ತು. ನಮ್ಮ ಮಕ್ಕಳು ಎಡವುವ ಅದೇ 29 ಅಲ್ಲಿ ಬೆರಳುಗಳ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಮನುಷ್ಯನ ಆಯುಷ್ಯ ಮತ್ತು ಆಸೆಗಳ ವಿಷಯವನ್ನು ವಿವರಿಸುವಾಗ ಅವರು ಚೌಕವೊಂದನ್ನು ಎಳೆದು, ಅದರ ನಡುವಿನಿಂದ ಹೊರಚಾಚುವ ಗೆರೆಯನ್ನು ಬರೆದು ತೋರಿಸಿದ್ದೂ ಬುಖಾರಿಯಲ್ಲಿದೆ. ದೊಡ್ಡವರಿಗೇ ಕಣ್ಣಿಗೆ ಕಾಣುವಂತೆ ಕಲಿಸಿದ ಪ್ರವಾದಿಯ ಅನುಯಾಯಿಗಳಾದ ನಾವು, ಐದು ವರ್ಷದ ಮಗುವಿಗೆ ಬರಿಯ ಬಾಯಿಪಾಠ ಸಾಕೆಂದು ತೀರ್ಮಾನಿಸಿದ್ದು ಯಾವ ಆಧಾರದಿಂದ?

ನಮಾಝಿನ ನಂತರದ ತಸ್‌ಬೀಹ್ ಕೂಡ ಏಳೆಂಟು ವರ್ಷದವರಿಗೆ ಒಳ್ಳೆಯ ಲೆಕ್ಕವಾಗುತ್ತದೆ. 33ನ್ನು ಮೂರು ಕಟ್ಟು, ಮೂರು ಬಿಡಿಯಾಗಿ ಮೂರು ಸಾಲುಗಳಲ್ಲಿ ಇಡಿಸುತ್ತೇನೆ. ಒಟ್ಟು ಒಂಬತ್ತು ಕಟ್ಟು, ಒಂಬತ್ತು ಬಿಡಿ. ನೂರನ್ನು ಪೂರ್ತಿಗೊಳಿಸುವ ಕೊನೆಯ ಒಂದು ವಚನಕ್ಕೆಂದು ಇನ್ನೊಂದು ಕಡ್ಡಿ ಸೇರಿಸಿದರೆ ಬಿಡಿಗಳು ಹತ್ತನೆಯ ಕಟ್ಟಾಗುತ್ತವೆ, ಹತ್ತು ಕಟ್ಟುಗಳು ಸೇರಿ ನೂರಾಗುತ್ತದೆ. 'ದಶಕ ಒಯ್ಯುವುದು' ಎಂದರೇನೆಂದು ಮಗು ತನ್ನ ಕೈಯಿಂದಲೇ ತಿಳಿಯುತ್ತದೆ.

ಓದಿನ ವಿಷಯಕ್ಕೆ ಬರೋಣ. ಕಾಯಿದಾ ಕಲಿತ ಮಗುವಿಗೆ ಕನ್ನಡ ಕಾಗುಣಿತ ಅಪರಿಚಿತವಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು ಎಂದು ಹೇಳಬಲ್ಲ ಮಗು, ಒಂದು ವ್ಯಂಜನಕ್ಕೆ ಚಿಹ್ನೆ ಸೇರಿಸಿದರೆ ದನಿ ಬದಲಾಗುತ್ತದೆಂಬ ತತ್ತ್ವವನ್ನು ಆಗಲೇ ಬಲ್ಲದು. ಬ, ಬಿ, ಬು ಅದೇ ತತ್ತ್ವ. ಅಕ್ಷರದ ಮೇಲೆ ತಶ್‌ದೀದ್ ಬಂದಾಗ ದನಿ ಇಮ್ಮಡಿಯಾಗುವಂತೆ, 'ಅಮ್ಮ' ಎಂಬಲ್ಲಿ ಒತ್ತಕ್ಷರ ಅದನ್ನು ಇಮ್ಮಡಿಗೊಳಿಸುತ್ತದೆ. ಗೋಡೆಯ ಒಂದು ಬದಿಗೆ ಕಾಯಿದಾದ ಚೀಟಿ, ಮತ್ತೊಂದು ಬದಿಗೆ ಕಾಗುಣಿತದ ಚೀಟಿ ಅಂಟಿಸಿ, ನಾನು 'ಬಿ' ಎಂದಾಗ ಇಬ್ಬರು ಮಕ್ಕಳು ಎರಡೂ ಕಡೆಗೆ ಓಡಿ ಮುಟ್ಟಬೇಕು. ಅಕ್ಷರವನ್ನು ತುಳಿಯಬಾರದೆಂಬ ಅದಬ್ ನಮ್ಮಲ್ಲಿರುವುದರಿಂದ ನೆಲದ ಮೇಲೆ ಅಕ್ಷರ ಬರೆಸುವುದಿಲ್ಲ. ಕುಂಟೆಬಿಲ್ಲೆಯ ಮನೆಗಳಲ್ಲಿ ಚುಕ್ಕೆಗಳನ್ನು ಮಾತ್ರ ಇಟ್ಟು ಎಣಿಕೆ ಆಡಿಸುತ್ತೇನೆ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 'ನಲಿ ಕಲಿ' ಎಂಬ ಪದ್ಧತಿ ಇರುವುದು ಹಲವರಿಗೆ ಗೊತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸಾಮಾನ್ಯ ಸರಕಾರಿ ಶಿಕ್ಷಕರೇ ಅದರ ಚೀಟಿಗಳನ್ನೂ ಆಟಗಳನ್ನೂ ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಅದರಲ್ಲಿ ಅಕ್ಷರಮಾಲೆಯನ್ನು ಅ, ಆ, ಇ, ಈ ಎಂದು ಕ್ರಮವಾಗಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭ. ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದತೊಡಗುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಪ್ರತಿಯೊಂದು ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ.

ನಮ್ಮ ಮಕ್ತಬ್‌ಗಳು ಇದನ್ನು ಹಾಗೆಯೇ ತೆಗೆದುಕೊಳ್ಳಬಹುದು. ಆದರೆ ಒಂದು ಎಚ್ಚರ ಬೇಕು. ಉರ್ದು ಮನೆಮಾತಿನ ಮಗು 'ಅರಸ' ಎಂದು ಓದಿದರೂ ಅದು ಬಾದಷಹನೆಂದು ತಿಳಿಯದಿದ್ದರೆ ಅದು ಓದಲ್ಲ, ಬರಿಯ ಉಚ್ಚಾರ. ಆದ್ದರಿಂದ ನಾನು ಮೊದಲು ಮನೆಮಾತಿನಲ್ಲಿ ಅರ್ಥ ಹೇಳುತ್ತೇನೆ. ಗರಗಸ ಓದುವ ದಿನ ಬಡಗಿ ಕೆಲಸ ಮಾಡುವ ಒಬ್ಬ ತಂದೆ ತಮ್ಮ ಗರಗಸವನ್ನೇ ತಂದು ತೋರಿಸಿದರು. ಊರಿನ ಹೆಸರನ್ನು ಚಪ್ಪಾಳೆಯಲ್ಲಿ ಬಿಡಿಸುತ್ತೇವೆ: ಅ, ತ್ತಿ, ಬೆ, ಲೆ, ನಾಲ್ಕು ಚಪ್ಪಾಳೆ. ಮರುದಿನ ಬಸ್ಸಿನ ಹಣೆಯಲ್ಲಿ ಅದೇ ನಾಲ್ಕು ಅಕ್ಷರಗಳನ್ನು ಕಂಡ ಮಗು, ಅದನ್ನು ಓದಿದೆನೆಂದು ಓಡಿಬಂದು ಹೇಳುತ್ತದೆ.

ಕೆಲವು ಹಿರಿಯರು ಆಕ್ಷೇಪಿಸುತ್ತಾರೆ: ಆಟವಾಡಿಸಿದರೆ ಉಸ್ತಾದರ ಮೇಲಿನ ಭಯ ಹೋಗುತ್ತದೆ, ಶಿಸ್ತು ಕೆಡುತ್ತದೆ ಎಂದು. ಇಮಾಮ್ ಗಝ್ಝಾಲಿಯವರು ತಮ್ಮ ಇಹ್ಯಾ ಗ್ರಂಥದಲ್ಲಿ, ಪಾಠದ ದಣಿವಾರಿಸಿಕೊಳ್ಳಲು ಮಗುವಿಗೆ ಒಳ್ಳೆಯ ಆಟಕ್ಕೆ ಅವಕಾಶ ಕೊಡಬೇಕೆಂದೂ, ಆಟವನ್ನು ತಡೆದು ಸದಾ ಕಲಿಕೆಯಲ್ಲೇ ದಣಿಸಿದರೆ ಅದರ ಹೃದಯ ಸಾಯುತ್ತದೆಂದೂ ಎಚ್ಚರಿಸಿದ್ದಾರೆ. ಇಬ್ನ್ ಖಲ್ದೂನರು 1377ರಲ್ಲಿ ಬರೆದ ಮುಕದ್ದಿಮಾದಲ್ಲಿ, ಕಠಿಣ ಶಿಕ್ಷೆಯು ಎಳೆಯರನ್ನು ಸುಳ್ಳಿಗೂ ಕಪಟಕ್ಕೂ ದೂಡುತ್ತದೆಂದು ವಿವರಿಸಿದ್ದಾರೆ. ಭಯದಿಂದ ಮೌನವಾದ ತರಗತಿಯನ್ನು ಶಿಸ್ತಿನ ತರಗತಿ ಎಂದು ನಾನೂ ಬಹುಕಾಲ ನಂಬಿದ್ದೆ. ಐದನ್ನು ಸೊನ್ನೆಯೆಂದು ಓದಿದ ದಿನ ಆ ನಂಬಿಕೆ ಮುರಿಯಿತು. ತಾನು ಬರೆದದ್ದು ಐದೇ ಎಂದು ಹೇಳುವ ಧೈರ್ಯ ಆ ಮಗುವಿಗೆ ಇರಲಿಲ್ಲ. ಆ ಧೈರ್ಯವನ್ನು ಕಸಿದುಕೊಂಡವನು ನಾನೇ.

ಆದರೆ ಆ ತಂದೆಯ ಆಕ್ಷೇಪದಲ್ಲಿ ಒಂದು ಸತ್ಯವೂ ಇದೆ. ಆಟ ಆಟದಲ್ಲೇ ನಿಂತರೆ ಸಾಲದು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿ ವ್ಯಾಪಾರದ ಮಕ್ಕಳು ಅಂಗಡಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ಶೇಕಡ 98ರಷ್ಟನ್ನು ಸರಿಯಾಗಿ ಹೇಳಿದರು. ಅಂತಹವೇ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡ 37ರಷ್ಟೇ ಸರಿಯಾದವು. ಕೈಯ ತಿಳಿವು ತಾನಾಗಿಯೇ ಕಾಗದಕ್ಕೆ ಬರುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಆದುದರಿಂದ ಪ್ರತಿ ಆಟದ ಕೊನೆಯಲ್ಲಿ ಅದೇ ಲೆಕ್ಕವನ್ನು ಸ್ಲೇಟಿನಲ್ಲಿ ಬರೆಸಬೇಕು, ಅದೇ ಪದವನ್ನು ಪುಸ್ತಕದಲ್ಲಿ ಓದಿಸಬೇಕು. ಬಾಯಿಪಾಠಕ್ಕೂ ಸ್ಥಾನವಿದೆ, ಸೂರಃಗಳನ್ನು ಕಂಠಪಾಠ ಮಾಡುವ ಮಗುವಿಗೆ ಮಗ್ಗಿ ಭಾರವಲ್ಲ. ಕ್ರಮ ಮಾತ್ರ ಸರಿಯಾಗಿರಬೇಕು: ಮೊದಲು ಕೈ, ಅನಂತರ ಬಾಯಿ, ಕೊನೆಗೆ ಕಾಗದ. ನಾವು ಕಾಗದದಿಂದ ಆರಂಭಿಸಿ, ಮೂರು ವರ್ಷದ ಮಗುವಿನ ನೋಟ್‌ಬುಕ್ ಎಷ್ಟು ತುಂಬಿದೆ ಎಂಬುದರ ಮೇಲೆ ಶಾಲೆಯನ್ನು ಅಳೆಯುತ್ತೇವೆ.

ಪ್ರಿಯ ತಂದೆ ತಾಯಂದಿರೇ, ಇದಕ್ಕೆ ದೊಡ್ಡ ಖರ್ಚಿಲ್ಲ. ರಮಝಾನಿನ ಇಫ್ತಾರ್‌ಗೆ ಖರ್ಜೂರವನ್ನು ತಟ್ಟೆಗಳಿಗೆ ಸಮನಾಗಿ ಹಂಚುವ ಕೆಲಸವನ್ನು ಮಗುವಿಗೆ ವಹಿಸಿರಿ, ಉಳಿದದ್ದೆಷ್ಟೆಂದು ಕೇಳಿರಿ. ರೊಟ್ಟಿ ಲಟ್ಟಿಸುವಾಗ ಎಷ್ಟಾಯಿತು, ಇನ್ನೆಷ್ಟು ಬೇಕು ಎಂದು ಎಣಿಸಲು ಹೇಳಿರಿ. ಅಂಗಡಿಯ ಫಲಕವನ್ನು ಮಗುವಿನ ಬೆರಳಿನಿಂದ ಓದಿಸಿರಿ. ಶಾಲೆಯನ್ನು ಆರಿಸುವಾಗ ನೋಟ್‌ಬುಕ್ ನೋಡುವ ಮೊದಲು, ಮಕ್ಕಳು ಅಲ್ಲಿ ಪ್ರಶ್ನೆ ಕೇಳುತ್ತಾರೆಯೇ ಎಂದು ನೋಡಿರಿ. ಮಸೀದಿಯ ಆಡಳಿತ ಸಮಿತಿಗಳಲ್ಲಿ ನನ್ನದೊಂದು ವಿನಂತಿ: ಮಕ್ತಬ್‌ಗೆ ಸ್ಲೇಟು, ಬಣ್ಣದ ರಟ್ಟು ಮತ್ತು ಕಡ್ಡಿಗಳನ್ನು ಒದಗಿಸಿರಿ; ಉಸ್ತಾದರನ್ನು ಹತ್ತಿರದ ಸರಕಾರಿ ಶಾಲೆಯ ನಲಿ ಕಲಿ ತರಗತಿಯಲ್ಲಿ ಒಂದು ದಿನ ಕುಳಿತು ನೋಡಲು ಕಳುಹಿಸಿರಿ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಹತ್ತು ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಪಡೆದರೆಂಬುದನ್ನು ಸೀರಃ ಗ್ರಂಥಗಳಲ್ಲಿ ಓದಿದ ನಾವು, ಒಳ್ಳೆಯ ವಿಧಾನವನ್ನು ಯಾರಿಂದಲಾದರೂ ಕಲಿಯಲು ಸಂಕೋಚಪಡಬೇಕಾಗಿಲ್ಲ.

ಆ ತಂದೆ ಇದನ್ನು ಓದುವಂತಾದರೆ, ಮಗಳನ್ನು ಕರೆದುಕೊಂಡು ಒಂದು ಸಂಜೆ ಬರಲಿ. ಹುಣಸೆಬೀಜಗಳನ್ನು ಅವಳ ಮುಂದಿಟ್ಟು 29 ತೋರಿಸೆಂದು ಅವರೇ ಕೇಳಲಿ. ಅನಂತರ ಅದನ್ನೇ ಸ್ಲೇಟಿನಲ್ಲಿ ಬರೆಯಲು ಹೇಳಲಿ. ತೀರ್ಮಾನ ಅವರದೇ.

ನಮ್ಮ ಎಳೆಯರ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ, ಅವರಿಗೆ ಕಲಿಸುವ ನಮಗೆ ತಾಳ್ಮೆಯನ್ನು ದಯಪಾಲಿಸಲಿ. ಆಮೀನ್.